ಗದಗ ಜಿಲ್ಲೆಯಲ್ಲಿ ಆತಂಕ ಮತ್ತು ಮಾನಸಿಕ ಒತ್ತಡದ ಚಿಕಿತ್ಸೆ

ಗದಗ ಜಿಲ್ಲೆಯಲ್ಲಿ ಆತಂಕ ಮತ್ತು ಮಾನಸಿಕ ಒತ್ತಡದ ಚಿಕಿತ್ಸೆ ಎಂಬ ಈ ಲೇಖನವು ಉತ್ತರ ಕರ್ನಾಟಕದ ಗದಗ ಜಿಲ್ಲೆಯ, ವಿಶೇಷವಾಗಿ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ವಯಸ್ಕರಿಗೆ ಲಭ್ಯವಿರುವ ಮನೋಚಿಕಿತ್ಸೆ, ಆಪ್ತಸಮಾಲೋಚನೆ ಮತ್ತು ಔಷಧೋಪಚಾರದ ವ್ಯವಸ್ಥೆಯನ್ನು ಕುರಿತದ್ದಾಗಿದೆ. ಈ ಪ್ರದೇಶದ ಸೇವೆಗಳು ಮೂರು ಹಂತಗಳಲ್ಲಿವೆ: ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳು, ಗದಗ ನಗರದಲ್ಲಿರುವ ಜಿಲ್ಲಾ ಮಟ್ಟದ ಸೇವೆ, ಹಾಗೂ ಧಾರವಾಡ ಮತ್ತು ಹುಬ್ಬಳ್ಳಿಯ ಉನ್ನತ ಸಂಸ್ಥೆಗಳು. 2022ರಿಂದ ಟೆಲಿ ಮಾನಸ್ ದೂರವಾಣಿ ಸೇವೆಯೂ ಇವುಗಳ ಜೊತೆಗೆ ಸೇರಿದೆ.

ಆತಂಕದ ಕಾಯಿಲೆಗಳು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಮಾನಸಿಕ ತೊಂದರೆಗಳಲ್ಲಿ ಸೇರಿವೆ. ಆದರೂ ಭಾರತದಲ್ಲಿ ಇವುಗಳಿಂದ ಬಳಲುವ ಬಹುಪಾಲು ಜನರು ಯಾವ ಚಿಕಿತ್ಸೆಯನ್ನೂ ಪಡೆಯುತ್ತಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆ ಮೊದಲಾದ ಸಾಮಾನ್ಯ ಮಾನಸಿಕ ತೊಂದರೆಗಳಲ್ಲಿ ಈ ಅಂತರವು ಶೇಕಡಾ 85ರಷ್ಟಿತ್ತು.

ಒತ್ತಡ ಮತ್ತು ಆತಂಕ

ಒತ್ತಡ ಎಂಬುದು ಹೊರಗಿನ ಬೇಡಿಕೆ ಅಥವಾ ಸಂಕಟಕ್ಕೆ ಮನಸ್ಸು ಮತ್ತು ದೇಹ ತೋರುವ ಪ್ರತಿಕ್ರಿಯೆಯಾಗಿದೆ. ಸಾಲದ ಕಂತು, ಮಗಳ ಮದುವೆ, ಮನೆಯವರ ಕಾಯಿಲೆ, ಕೆಲಸದ ಅನಿಶ್ಚಿತತೆ ಮುಂತಾದ ಕಾರಣಗಳು ದೂರವಾದಾಗ ಒತ್ತಡವು ಸಾಮಾನ್ಯವಾಗಿ ತಗ್ಗುತ್ತದೆ. ಆತಂಕವು ಮುಂದೆ ಒದಗಬಹುದಾದ ಅಪಾಯದ ಬಗೆಗಿನ ಭಯವಾಗಿದ್ದು, ಸ್ವಲ್ಪಮಟ್ಟಿನ ಆತಂಕ ಎಲ್ಲರಿಗೂ ಸಹಜ. ಕಾರಣ ಇಲ್ಲದಿದ್ದಾಗಲೂ ಅದು ಮುಂದುವರಿದರೆ, ಅಥವಾ ಕಾರಣಕ್ಕೆ ಮೀರಿದ ಪ್ರಮಾಣದಲ್ಲಿದ್ದು ನಿದ್ರೆ, ದುಡಿಮೆ ಮತ್ತು ಸಂಬಂಧಗಳನ್ನು ಕೆಡಿಸಿದರೆ, ಅದನ್ನು ಕಾಯಿಲೆ ಎಂದು ಪರಿಗಣಿಸಲಾಗುತ್ತದೆ.

ವಯಸ್ಕರಲ್ಲಿ ಕಂಡುಬರುವ ಪ್ರಮುಖ ವಿಧಗಳು ಹೀಗಿವೆ:

* ಸಾರ್ವತ್ರಿಕ ಆತಂಕ: ಒಂದಲ್ಲ ಒಂದು ವಿಷಯದ ಬಗ್ಗೆ ತಡೆಯಲಾಗದ ಚಿಂತೆ ತಿಂಗಳುಗಟ್ಟಲೆ ಉಳಿಯುವುದು. ಅಮೆರಿಕದ ಮನೋವೈದ್ಯರ ಸಂಘದ ಮಾನದಂಡದಲ್ಲಿ ಇದಕ್ಕೆ ಕನಿಷ್ಠ 6 ತಿಂಗಳ ಅವಧಿಯನ್ನು ಹೇಳಲಾಗಿದೆ.
* ದಿಗಿಲಿನ ಕಾಯಿಲೆ: ಇದ್ದಕ್ಕಿದ್ದಂತೆ ಎದೆಬಡಿತ, ಉಸಿರುಗಟ್ಟುವಿಕೆ, ಬೆವರು, ನಡುಕ ಮತ್ತು ಸಾಯುವೆನೆಂಬ ಭಯ ಉಂಟಾಗಿ ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರುವುದು, ಮತ್ತು ಅದು ಮರುಕಳಿಸೀತೆಂಬ ಭಯ ಉಳಿಯುವುದು.
* ಸಾಮಾಜಿಕ ಆತಂಕ: ನಾಲ್ಕು ಜನರ ಮುಂದೆ ಮಾತನಾಡಲು, ಉಣ್ಣಲು, ಸಹಿ ಹಾಕಲು ಸಹ ಅಂಜಿಕೆ.
* ನಿರ್ದಿಷ್ಟ ಭಯಗಳು: ಎತ್ತರ, ಪ್ರಾಣಿ, ರಕ್ತ, ಮುಚ್ಚಿದ ಜಾಗ ಮೊದಲಾದವುಗಳ ಅತಿಯಾದ ಭಯ.
* ಹೊಂದಾಣಿಕೆಯ ತೊಂದರೆ: ಸಾವು, ನಷ್ಟ, ವಿಚ್ಛೇದನ, ಸ್ಥಳಾಂತರದಂತಹ ಘಟನೆಯ ನಂತರ ಅದಕ್ಕೆ ಒಗ್ಗಿಕೊಳ್ಳಲಾಗದೆ ಉಂಟಾಗುವ ಒತ್ತಡದ ಸ್ಥಿತಿ.

ಲಕ್ಷಣಗಳು ಮತ್ತು ಸ್ಥಳೀಯ ನುಡಿಗಟ್ಟು

ಆತಂಕದ ಲಕ್ಷಣಗಳಲ್ಲಿ ಅರ್ಧದಷ್ಟು ದೈಹಿಕವಾದವು: ಎದೆಬಡಿತ, ತಲೆಸುತ್ತು, ಕೈಕಾಲು ಜುಮುಗುಡುವುದು, ಹೊಟ್ಟೆಯಲ್ಲಿ ಸಂಕಟ, ಪದೇ ಪದೇ ಮೂತ್ರ, ಕತ್ತು ಮತ್ತು ಹೆಗಲಿನ ಬಿಗಿತ, ದಣಿವು. ಉಳಿದವು ಮಾನಸಿಕವಾದವು: ಬಿಡದ ಚಿಂತೆ, ಸಿಡುಕು, ಏಕಾಗ್ರತೆಯ ಕೊರತೆ, ಕೆಟ್ಟದ್ದೇ ಆದೀತೆಂಬ ನಿರೀಕ್ಷೆ. ಈ ಕಾರಣದಿಂದ ರೋಗಿಯು ಮೊದಲು ಹೃದಯ ಅಥವಾ ಹೊಟ್ಟೆಯ ತಜ್ಞರ ಬಳಿಗೆ ಹೋಗುವುದು, ಇಸಿಜಿ ಮತ್ತು ರಕ್ತಪರೀಕ್ಷೆಗಳೆಲ್ಲ ಸರಿಯಾಗಿ ಬಂದರೂ ಸಮಾಧಾನ ದೊರೆಯದೆ ವೈದ್ಯರನ್ನು ಬದಲಿಸುತ್ತ ಹೋಗುವುದು ಸಾಮಾನ್ಯವಾಗಿದೆ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಈ ಸ್ಥಿತಿಯನ್ನು ಹೇಳಲು ಹಲವು ಮಾತುಗಳಿವೆ. "ಎದಿ ದಡದಡ ಅಂತೈತಿ", "ಜೀವಕ್ಕ ಸಮಾಧಾನ ಇಲ್ಲ", "ನಿದ್ದಿ ಹತ್ತವಲ್ದು", "ಕೈಕಾಲಾಗ ಶಕ್ತಿ ಇಲ್ಲ" ಎಂಬ ದೂರುಗಳ ಹಿಂದೆ ಆತಂಕವೋ ಖಿನ್ನತೆಯೋ ಇರಬಹುದು. ಯಾರಾದರೂ ಒಂದು ಸಂಗತಿಯನ್ನು "ಮನಸ್ಸಿಗೆ ಹಚ್ಚಿಕೊಂಡಾರ" ಎಂದು ಮನೆಯವರು ಹೇಳುವಾಗ ಅವರು ಗುರುತಿಸುತ್ತಿರುವುದು ಬಹುಮಟ್ಟಿಗೆ ಇದೇ ಸ್ಥಿತಿಯನ್ನು. "ಆತಂಕದ ಕಾಯಿಲೆ" ಎಂಬ ಪದವು ರೋಗಿಗಳ ಬಾಯಲ್ಲಿ ಬರುವುದು ವಿರಳ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ದೇಹದ ದೂರಿನ ಜೊತೆಗೆ ನಿದ್ರೆ, ಹಸಿವು ಮತ್ತು ಚಿಂತೆಯ ಬಗ್ಗೆಯೂ ಕೇಳಬೇಕೆಂದು ಸಮುದಾಯ ಮನೋವೈದ್ಯಕೀಯ ತರಬೇತಿಗಳಲ್ಲಿ ಕಲಿಸಲಾಗುತ್ತದೆ.

ಪ್ರಾದೇಶಿಕ ಹಿನ್ನೆಲೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ರೋಣ ಮತ್ತು ನರಗುಂದ ಅದರ ಹಳೆಯ ತಾಲ್ಲೂಕುಗಳಾಗಿವೆ. ಗಜೇಂದ್ರಗಡವು ಮೊದಲು ರೋಣ ತಾಲ್ಲೂಕಿಗೆ ಸೇರಿದ್ದು, ಬಳಿಕ ಪ್ರತ್ಯೇಕ ತಾಲ್ಲೂಕಾಯಿತು. ಕಪ್ಪು ಎರೆಭೂಮಿಯ ಈ ಪ್ರದೇಶದಲ್ಲಿ ಜೋಳ, ಕಡಲೆ, ಹೆಸರು, ಹತ್ತಿ, ಗೋವಿನಜೋಳ, ಈರುಳ್ಳಿ ಮತ್ತು ಮೆಣಸಿನಕಾಯಿ ಮುಖ್ಯ ಬೆಳೆಗಳು. ನರಗುಂದ ಮತ್ತು ರೋಣದ ಒಂದು ಭಾಗಕ್ಕೆ ಮಲಪ್ರಭಾ ಕಾಲುವೆಯ ನೀರಾವರಿಯಿದ್ದು, ಉಳಿದೆಡೆ ಬೇಸಾಯವು ಮಳೆಯನ್ನು ನೆಚ್ಚಿಕೊಂಡಿದೆ. ಗಜೇಂದ್ರಗಡವು ಕೈಮಗ್ಗದ ನೇಕಾರಿಕೆಗೆ ಹೆಸರಾಗಿದೆ.

ಮಳೆ, ಬೆಲೆ ಮತ್ತು ಸಾಲ ಈ ಮೂರರ ಅನಿಶ್ಚಿತತೆಯು ಇಲ್ಲಿನ ಬದುಕಿನ ಒತ್ತಡಕ್ಕೆ ದೊಡ್ಡ ಮೂಲವಾಗಿದೆ. ಕಾಲುವೆಯ ನೀರು ಮತ್ತು ಅಭಿವೃದ್ಧಿ ಕರದ ಪ್ರಶ್ನೆಯ ಮೇಲೆ 1980ರ ಜುಲೈಯಲ್ಲಿ ನರಗುಂದ ಮತ್ತು ನವಲಗುಂದದಲ್ಲಿ ನಡೆದ ರೈತರ ಬಂಡಾಯವು ರಾಜ್ಯದ ರೈತ ಚಳವಳಿಗೆ ತಿರುವು ನೀಡಿತು. 2015ರಲ್ಲಿ ಮಹದಾಯಿ ನೀರಿಗಾಗಿ ನರಗುಂದವು ಮತ್ತೆ ದೀರ್ಘ ಹೋರಾಟದ ಕೇಂದ್ರವಾಯಿತು. ಇದೇ ನೆಲ ನೆರೆಯನ್ನೂ ಕಂಡಿದೆ: 2009ರಲ್ಲಿ ರೋಣ ತಾಲ್ಲೂಕಿನ ಹೊಳೆಆಲೂರು ಭಾಗದ ಹಳ್ಳಿಗಳು, 2019ರ ಆಗಸ್ಟ್‌ನಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಮೊದಲಾದ ಹಳ್ಳಿಗಳು ಮಲಪ್ರಭೆಯ ಪ್ರವಾಹಕ್ಕೆ ತುತ್ತಾದವು. ಬರಗಾಲದಲ್ಲಿ ಕೆಲಸ ಅರಸಿ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ವೃದ್ಧರು ಮತ್ತು ಮಕ್ಕಳು ಊರಲ್ಲೇ ಉಳಿಯುವುದರಿಂದ ಇಬ್ಬರಿಗೂ ಬೇರೆ ಬೇರೆ ಬಗೆಯ ಒತ್ತಡ ಉಂಟಾಗುತ್ತದೆ.

ಹೊರಗಿನ ಕಷ್ಟವೇ ಕಾಯಿಲೆಯಲ್ಲ. ಒಂದೇ ಬರವನ್ನು ಎದುರಿಸಿದ ಹತ್ತು ಮಂದಿಯಲ್ಲಿ ಎಲ್ಲರೂ ಕಾಯಿಲೆ ಬೀಳುವುದಿಲ್ಲ. ಆನುವಂಶಿಕ ಗುಣ, ಬಾಲ್ಯದ ಅನುಭವ, ದೇಹದ ಆರೋಗ್ಯ, ಮದ್ಯಪಾನ ಮತ್ತು ಒತ್ತಾಸೆಗೆ ನಿಲ್ಲುವ ಜನರ ಇರುವಿಕೆ ಇವೆಲ್ಲ ಸೇರಿ ಫಲಿತಾಂಶವನ್ನು ನಿರ್ಧರಿಸುತ್ತವೆ.

ಇತಿಹಾಸ

ಈ ಭಾಗದ ಜನರಿಗೆ ಹತ್ತಿರದ ಮಾನಸಿಕ ಆಸ್ಪತ್ರೆಯು ಮೊದಲಿನಿಂದಲೂ ಧಾರವಾಡದಲ್ಲಿದೆ. ಮುಂಬಯಿ ಪ್ರಾಂತ್ಯದ ಆಡಳಿತದಲ್ಲಿ 1845ರಲ್ಲಿ ಅಲ್ಲಿ ಮನೋರೋಗಿಗಳ ಆಶ್ರಯಾಲಯ ಆರಂಭವಾಯಿತು. ಅದೇ ಸಂಸ್ಥೆಯು ಹಲವು ರೂಪಗಳನ್ನು ತಾಳಿ 2009ರಲ್ಲಿ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ (ಡಿಮ್ಹಾನ್ಸ್) ಎನಿಸಿತು. ಹಳೆಯ ಆಶ್ರಯಾಲಯವು ತೀವ್ರ ಕಾಯಿಲೆಯವರನ್ನು ಕೂಡಿಹಾಕುವ ಜಾಗವಾಗಿದ್ದುದರಿಂದ, ಮಾನಸಿಕ ಚಿಕಿತ್ಸೆಗಾಗಿ "ಧಾರವಾಡಕ್ಕೆ ಹೋಗುವುದು" ಎಂಬ ಮಾತೇ ಈ ಭಾಗದಲ್ಲಿ ಬಹುಕಾಲ ಹಳಿಯುವ ಮಾತಾಗಿತ್ತು. ಈಗಿನ ಸಂಸ್ಥೆಯಲ್ಲಿ ಹೊರರೋಗಿ ವಿಭಾಗವಿದ್ದು, ನಿದ್ರಾಹೀನತೆ, ಆತಂಕ, ತಲೆನೋವಿನಂತಹ ತೊಂದರೆಗಳಿಗೂ ಚಿಕಿತ್ಸೆ ಸಿಗುತ್ತದೆ. ಮನೋವೈದ್ಯಶಾಸ್ತ್ರ ಮತ್ತು ಅದಕ್ಕೆ ಸಂಬಂಧಿಸಿದ ವಿಷಯಗಳ ಸ್ನಾತಕೋತ್ತರ ಶಿಕ್ಷಣವೂ ಅಲ್ಲಿ ನಡೆಯುತ್ತದೆ.

ಬೆಂಗಳೂರಿನಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಹಾಗೂ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ವಿಲೀನಗೊಂಡು 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ರೂಪುಗೊಂಡಿತು. ಆಸ್ಪತ್ರೆಯ ಗೋಡೆಯ ಹೊರಗೆ ಚಿಕಿತ್ಸೆಯನ್ನು ಒಯ್ಯುವ ಪ್ರಯೋಗವನ್ನು ಈ ಸಂಸ್ಥೆ 1970ರ ದಶಕದಲ್ಲಿ ಬೆಂಗಳೂರು ಹೊರವಲಯದ ಸಕಲವಾರದಲ್ಲಿ ಆರಂಭಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಜಾರಿಗೆ ಬಂದ ಮೇಲೆ, 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಮಾದರಿಯನ್ನು ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಆರೋಗ್ಯ ಕಾರ್ಯಕರ್ತರಿಗೆ ಅಲ್ಪಾವಧಿಯ ತರಬೇತಿ ಕೊಟ್ಟು, ಅಗತ್ಯ ಔಷಧಗಳನ್ನು ಅಲ್ಲಿಯೇ ಒದಗಿಸಿ, ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ತಂಡವನ್ನು ಇರಿಸುವುದು ಇದರ ತಿರುಳು. "ಬಳ್ಳಾರಿ ಮಾದರಿ" ಎಂದು ಹೆಸರಾದ ಇದನ್ನೇ ಅನುಸರಿಸಿ 1996ರಲ್ಲಿ ದೇಶದ 4 ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾರಂಭವಾಯಿತು. ಇಂದು ಗದಗವೂ ಸೇರಿದಂತೆ ಕರ್ನಾಟಕದ ಜಿಲ್ಲೆಗಳಲ್ಲಿರುವ ವ್ಯವಸ್ಥೆಯು ಇದರ ವಿಸ್ತರಣೆಯಾಗಿದೆ.

ಕನ್ನಡದಲ್ಲಿ ಮನಸ್ಸಿನ ತೊಂದರೆಗಳ ಬಗ್ಗೆ ಜನಸಾಮಾನ್ಯರಿಗಾಗಿ ಬರೆದ ವೈದ್ಯರ ಪರಂಪರೆಯೂ ಇದೆ. "ರಾಶಿ" ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ ಅವರ "ಮನಮಂಥನ" ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರು ಒತ್ತಡ, ಭಯ, ನಿದ್ರೆ, ದಾಂಪತ್ಯ ಮೊದಲಾದ ವಿಷಯಗಳ ಮೇಲೆ ಹಲವಾರು ಕನ್ನಡ ಪುಸ್ತಕಗಳನ್ನು ಬರೆದಿದ್ದಾರೆ.

ಸೇವೆಗಳ ವ್ಯವಸ್ಥೆ

ತಾಲ್ಲೂಕು ಮಟ್ಟ

ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯರು ಚಿಕಿತ್ಸೆಯ ಮೊದಲ ಮೆಟ್ಟಿಲಾಗಿದ್ದಾರೆ. ಅವರು ಆರಂಭದ ಔಷಧವನ್ನು ಕೊಡಬಹುದು ಮತ್ತು ಮುಂದಿನ ಹಂತಕ್ಕೆ ಕಳುಹಿಸಬಹುದು. ಕರ್ನಾಟಕ ಸರ್ಕಾರವು 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ನಿಗದಿತ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಏರ್ಪಾಡಿದೆ. ಈ ಕಾರಣದಿಂದ ಇವು "ಸೂಪರ್ ಟ್ಯೂಸ್‌ಡೇ ಕ್ಲಿನಿಕ್" ಎಂದೂ ಪರಿಚಿತವಾಗಿವೆ. ತಿಂಗಳ ಯಾವ ಮಂಗಳವಾರ ಯಾವ ತಾಲ್ಲೂಕಿಗೆ ಸರದಿ ಎಂಬುದನ್ನು ಆಯಾ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ತಿಳಿಯಬಹುದು.

ಜಿಲ್ಲಾ ಮಟ್ಟ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರು ಮತ್ತು ಶುಶ್ರೂಷಕರ ಹುದ್ದೆಗಳಿರುತ್ತವೆ. ಗದಗ ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್) ಇದೆ. ಗಜೇಂದ್ರಗಡದವರು ನರೇಗಲ್ಲ ಮಾರ್ಗವಾಗಿ ಗದಗಕ್ಕೆ ಬರುತ್ತಾರೆ.

ಉನ್ನತ ಸಂಸ್ಥೆಗಳು

ಧಾರವಾಡದ ಡಿಮ್ಹಾನ್ಸ್ ಹಾಗೂ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದು ಜನಜನಿತವಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗವು ಈ ಭಾಗದ ಉನ್ನತ ಹಂತದ ಸೇವೆಗಳಾಗಿವೆ. ನರಗುಂದವು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿರುವುದರಿಂದ ಅಲ್ಲಿನವರಿಗೆ ಜಿಲ್ಲಾ ಕೇಂದ್ರದಷ್ಟೇ ಹುಬ್ಬಳ್ಳಿಯೂ ಅನುಕೂಲವಾಗಿದೆ.

ದೂರವಾಣಿ ಸೇವೆ

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ನಿಮ್ಹಾನ್ಸ್ ಇದರ ಮಾರ್ಗದರ್ಶಿ ಸಂಸ್ಥೆಯಾಗಿದೆ. 14416 ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ; ಅಗತ್ಯವಿದ್ದರೆ ಕರೆಯನ್ನು ತಜ್ಞರಿಗೆ ವರ್ಗಾಯಿಸಲಾಗುತ್ತದೆ. 2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದ ನಂತರ ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರು ವಿಡಿಯೊ ಕರೆಯ ಮೂಲಕ ಚಿಕಿತ್ಸೆ ನೀಡುವುದೂ ರೂಢಿಗೆ ಬಂದಿದೆ. ಒಂದೇ ಕೋಣೆಯಲ್ಲಿ ಹಲವರು ಇರುವ ಮನೆಯಲ್ಲಿ ಏಕಾಂತ ಸಿಗದಿರುವುದು ಇದರ ದೊಡ್ಡ ಅಡಚಣೆ. ಹೊಲದಲ್ಲಿಯೋ ಹಿತ್ತಲಿನಲ್ಲಿಯೋ ಕುಳಿತು ಮಾತನಾಡುವುದು ಒಂದು ದಾರಿ.

ಚಿಕಿತ್ಸಕರ ವಿಧಗಳು

ಮನೋವೈದ್ಯರು ಎಂಬಿಬಿಎಸ್ ಪದವಿಯ ನಂತರ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ಶಿಕ್ಷಣ ಪಡೆದವರು, ಔಷಧವನ್ನು ಬರೆಯಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದಿರುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರು ಕುಟುಂಬ, ಉದ್ಯೋಗ ಮತ್ತು ಸರ್ಕಾರಿ ಸೌಲಭ್ಯಗಳ ವಿಷಯದಲ್ಲಿ ನೆರವಾಗುತ್ತಾರೆ. "ಆಪ್ತಸಮಾಲೋಚಕ" ಎಂಬ ಹೆಸರನ್ನು ಅಲ್ಪ ತರಬೇತಿಯವರೂ ಬಳಸುವುದರಿಂದ ಅವರ ವಿದ್ಯಾರ್ಹತೆ ಮತ್ತು ನೋಂದಣಿಯನ್ನು ವಿಚಾರಿಸುವುದು ರೋಗಿಯ ಹಕ್ಕಾಗಿದೆ.

ಚಿಕಿತ್ಸೆಯ ಕ್ರಮ

ಮೊದಲ ಭೇಟಿ

ಮೊದಲ ಭೇಟಿಯಲ್ಲಿ ತೊಂದರೆ ಯಾವಾಗ ಆರಂಭವಾಯಿತು, ಯಾವಾಗ ಹೆಚ್ಚುತ್ತದೆ, ನಿದ್ರೆ ಮತ್ತು ಹಸಿವು ಹೇಗಿವೆ, ಮದ್ಯ ಅಥವಾ ತಂಬಾಕಿನ ಬಳಕೆ ಇದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಇಂತಹ ತೊಂದರೆ ಇತ್ತೇ, ಸಾಯುವ ಯೋಚನೆ ಬಂದಿದೆಯೇ ಎಂದು ಕೇಳಲಾಗುತ್ತದೆ. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ರಕ್ತಹೀನತೆ, ಹೃದಯಬಡಿತದ ಏರುಪೇರು ಮತ್ತು ಕೆಲವು ಔಷಧಗಳು ಆತಂಕದಂತಹ ಲಕ್ಷಣಗಳನ್ನೇ ತೋರುವುದರಿಂದ ಅವನ್ನು ಪರೀಕ್ಷೆಯಿಂದ ತಳ್ಳಿಹಾಕುವುದು ಅಗತ್ಯ. ತೀವ್ರತೆಯನ್ನು ಅಳೆಯಲು 2006ರಲ್ಲಿ ಪ್ರಕಟವಾದ ಜಿಎಡಿ-7 ಎಂಬ 7 ಪ್ರಶ್ನೆಗಳ ಪಟ್ಟಿಯನ್ನು ಬಳಸುವುದುಂಟು. ಇದರಲ್ಲಿ ಒಟ್ಟು 21 ಅಂಕಗಳಿದ್ದು, 5, 10 ಮತ್ತು 15 ಅಂಕಗಳು ಕ್ರಮವಾಗಿ ಸೌಮ್ಯ, ಮಧ್ಯಮ ಮತ್ತು ತೀವ್ರ ಆತಂಕದ ಆರಂಭವನ್ನು ಸೂಚಿಸುತ್ತವೆ. ಅಂಕವೊಂದರಿಂದಲೇ ರೋಗನಿರ್ಣಯ ಮಾಡುವುದಿಲ್ಲ.

ಮನೋಚಿಕಿತ್ಸೆ

ಆತಂಕಕ್ಕೆ ಹೆಚ್ಚು ಅಧ್ಯಯನಕ್ಕೊಳಗಾದ ಮನೋಚಿಕಿತ್ಸೆಯೆಂದರೆ ಅರಿವಿನ ವರ್ತನಾ ಚಿಕಿತ್ಸೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಅರಿವಿನ ಚಿಕಿತ್ಸೆ ಇದರ ಒಂದು ಮೂಲ. ಘಟನೆಗಿಂತ ಘಟನೆಯ ಬಗ್ಗೆ ಮನಸ್ಸು ಕೊಡುವ ಅರ್ಥವೇ ಭಯವನ್ನು ಹೆಚ್ಚಿಸುತ್ತದೆ ಎಂಬುದು ಇದರ ಆಧಾರ. ಎದೆ ಬಡಿದುಕೊಂಡ ಕೂಡಲೇ "ಇದು ಹೃದಯಾಘಾತ" ಎಂದುಕೊಂಡರೆ ಭಯ ಏರುತ್ತದೆ. ಭಯದಿಂದ ಎದೆಬಡಿತ ಮತ್ತಷ್ಟು ಏರುತ್ತದೆ. ಈ ಸುಳಿಯನ್ನು ರೋಗಿಯು ತಾನೇ ಗುರುತಿಸಿ, ತನ್ನ ಎಣಿಕೆಯನ್ನು ವಾಸ್ತವದ ಜೊತೆ ಹೋಲಿಸಿ ನೋಡುವುದನ್ನು ಕಲಿಯುತ್ತಾನೆ. ಸಾಮಾನ್ಯವಾಗಿ ವಾರಕ್ಕೊಮ್ಮೆ 45ರಿಂದ 60 ನಿಮಿಷಗಳಂತೆ 12ರಿಂದ 20 ಭೇಟಿಗಳು ಬೇಕಾಗುತ್ತವೆ.

ಹಂತಹಂತವಾಗಿ ಭಯವನ್ನು ಎದುರಿಸುವುದು ಇದರ ಮುಖ್ಯ ಭಾಗ. ಉದಾಹರಣೆಗೆ, ಬಸ್ಸಿನಲ್ಲಿ ಒಮ್ಮೆ ದಿಗಿಲು ಉಂಟಾಗಿ ಪ್ರಯಾಣವನ್ನೇ ನಿಲ್ಲಿಸಿದ ರೋಣದ ವ್ಯಕ್ತಿಯೊಬ್ಬರು ಮೊದಲು ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕುಳಿತು ಬರುವುದು, ಬಳಿಕ ನಿಂತ ಬಸ್ಸನ್ನು ಹತ್ತಿ ಇಳಿಯುವುದು, ಆಮೇಲೆ ಜೊತೆಯಲ್ಲೊಬ್ಬರನ್ನು ಕರೆದುಕೊಂಡು ಪಕ್ಕದ ಹಳ್ಳಿಗೆ ಹೋಗುವುದು, ಕೊನೆಗೆ ಒಬ್ಬರೇ ಗದಗಕ್ಕೆ ಹೋಗಿಬರುವುದು, ಹೀಗೆ ಏಣಿಯೊಂದನ್ನು ಚಿಕಿತ್ಸಕರ ಜೊತೆ ರಚಿಸಿಕೊಳ್ಳಬಹುದು. ಪ್ರತಿ ಮೆಟ್ಟಿಲಿನಲ್ಲಿ ಭಯ ತಾನಾಗಿ ಇಳಿಯುವವರೆಗೆ ನಿಲ್ಲುವುದು ಮುಖ್ಯ. ಭಯ ಏರಿದಾಗಲೇ ಹಿಂದಿರುಗಿದರೆ ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಸಮಸ್ಯೆ ಪರಿಹಾರ ಚಿಕಿತ್ಸೆಯು ನಿಜವಾದ ಕಷ್ಟಗಳಿಂದ ಒತ್ತಡಕ್ಕೊಳಗಾದವರಿಗೆ ಉಪಯುಕ್ತ. ಸಾಲದ ಚಿಂತೆಯಿರುವವರಾದರೆ ಸೊಸೈಟಿ, ಬ್ಯಾಂಕು, ಕೈಗಡ ಎಂದು ಬಾಕಿಯನ್ನು ಬೇರ್ಪಡಿಸಿ ಬರೆದು, ಈ ವಾರ ಮಾಡಬಹುದಾದ ಒಂದು ಕೆಲಸವನ್ನು ಆರಿಸಿಕೊಂಡು, ಮುಂದಿನ ಭೇಟಿಯಲ್ಲಿ ಅದರ ಫಲವನ್ನು ನೋಡಲಾಗುತ್ತದೆ. ಇವುಗಳ ಜೊತೆಗೆ ಸ್ನಾಯು ಸಡಿಲಿಕೆ, ನಿಧಾನ ಉಸಿರಾಟ, ನಿದ್ರೆಯ ಶಿಸ್ತು, ನಿಯಮಿತ ನಡಿಗೆ ಮತ್ತು ಯೋಗವನ್ನು ಪೂರಕವಾಗಿ ಬಳಸಲಾಗುತ್ತದೆ. ಚಹಾ ಮತ್ತು ಕಾಫಿಯನ್ನು ಮಿತಗೊಳಿಸಲು ಸಲಹೆ ನೀಡಲಾಗುತ್ತದೆ, ಏಕೆಂದರೆ ಕೆಫೀನ್ ಎದೆಬಡಿತವನ್ನು ಹೆಚ್ಚಿಸುತ್ತದೆ.

ಔಷಧ

ಮಧ್ಯಮ ಹಾಗೂ ತೀವ್ರ ಆತಂಕದಲ್ಲಿ ಎಸ್‌ಎಸ್‌ಆರ್‌ಐ ಗುಂಪಿನ ಎಸಿಟಾಲೋಪ್ರಾಮ್, ಸರ್ಟ್ರಾಲಿನ್ ಮೊದಲಾದ ಔಷಧಗಳನ್ನು ಮೊದಲು ಆರಿಸಲಾಗುತ್ತದೆ. ಇವುಗಳ ಪರಿಣಾಮ ಕಾಣಲು 2ರಿಂದ 4 ವಾರ ಬೇಕು. ಮೊದಲ ವಾರದಲ್ಲಿ ವಾಕರಿಕೆ, ತಲೆನೋವು, ತುಸು ಹೆಚ್ಚಿದ ಚಡಪಡಿಕೆ ಉಂಟಾಗುವುದರಿಂದ ಹಲವರು ಗುಳಿಗೆಯನ್ನು ಅಲ್ಲಿಗೇ ಬಿಡುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ನಿಲ್ಲಿಸಬೇಕು. ಈ ಔಷಧಗಳು ಚಟ ಹಿಡಿಸುವುದಿಲ್ಲವಾದರೂ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಉಂಟಾಗಬಹುದು.

ಆಲ್ಪ್ರಜೋಲಮ್, ಲೊರಾಜೆಪಾಮ್, ಡಯಾಜೆಪಾಮ್ ಮುಂತಾದ ಔಷಧಗಳು ತಕ್ಷಣ ಸಮಾಧಾನ ಕೊಡುತ್ತವೆ, ಆದರೆ ಕೆಲವು ವಾರಗಳಲ್ಲೇ ಅವಲಂಬನೆಯನ್ನು ಉಂಟುಮಾಡಬಲ್ಲವು. ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು ಕಾನೂನುಬಾಹಿರ. ಹಳೆಯ ಚೀಟಿಯನ್ನು ತೋರಿಸಿ ತಿಂಗಳುಗಟ್ಟಲೆ "ನಿದ್ದೆಗುಳಿಗೆ" ಕೊಳ್ಳುವುದು, ಅಥವಾ ನೆರೆಯವರ ಗುಳಿಗೆಯನ್ನು ನುಂಗುವುದು ಅಪಾಯಕಾರಿ. ಮದ್ಯದ ಜೊತೆ ಸೇರಿದರೆ ಇವು ಪ್ರಾಣಕ್ಕೂ ಎರವಾಗಬಹುದು.

ಅಡೆತಡೆಗಳು

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿತು. ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಸಮೀಕ್ಷೆಯ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇದ್ದುದು ಕಂಡುಬಂತು. ಪ್ರಾಯೋಗಿಕ ಹಂತವನ್ನು ಕೋಲಾರದಲ್ಲಿ ನಡೆಸಲಾಗಿದ್ದರೂ ಮುಖ್ಯ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಹೀಗಾಗಿ ಈ ಅಂಕಿಗಳನ್ನು ಗದಗ ಜಿಲ್ಲೆಗೆ ನೇರವಾಗಿ ಅನ್ವಯಿಸಲಾಗದು.

ಸಣ್ಣ ಊರುಗಳಲ್ಲಿ ಚಿಕಿತ್ಸೆಗೆ ಎದುರಾಗುವ ಅಡ್ಡಿಗಳಲ್ಲಿ ಮೊದಲನೆಯದು ಅಪವಾದದ ಭಯ. ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಲ್ಲಿ ಮನೋವೈದ್ಯರ ಸರತಿಯಲ್ಲಿ ನಿಂತದ್ದು ಸಂಜೆಯೊಳಗೆ ಓಣಿಗೆ ತಿಳಿಯುತ್ತದೆ ಎಂಬ ಅಂಜಿಕೆ ಇರುತ್ತದೆ. ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಯುವಜನರ, ಅದರಲ್ಲೂ ಹೆಣ್ಣುಮಕ್ಕಳ ಚಿಕಿತ್ಸೆಯನ್ನು ಮುಂದೂಡಲಾಗುತ್ತದೆ. ಗಂಡಸರು ಭಯವನ್ನು ಹೇಳಿಕೊಳ್ಳುವುದು ಹೇಡಿತನವೆಂಬ ಭಾವನೆಯಿಂದ ಮದ್ಯಕ್ಕೆ ಶರಣಾಗುವುದುಂಟು. ಮದ್ಯ ಆ ರಾತ್ರಿಯ ಆತಂಕವನ್ನು ತಗ್ಗಿಸಿ ಮರುದಿನದ ಆತಂಕವನ್ನು ಹೆಚ್ಚಿಸುತ್ತದೆ.

ಎರಡನೆಯದು ದೂರ ಮತ್ತು ಖರ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿ ಸಿಕ್ಕರೂ ಒಂದು ದಿನದ ಕೂಲಿ, ಇಬ್ಬರ ಬಸ್ ಖರ್ಚು ತಪ್ಪುವುದಿಲ್ಲ. ವಾರಕ್ಕೊಮ್ಮೆ ನಡೆಯಬೇಕಾದ ಮನೋಚಿಕಿತ್ಸೆಯು ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ನಿಂತುಹೋಗುತ್ತದೆ. ಇದರಿಂದ ಗ್ರಾಮೀಣ ಭಾಗದಲ್ಲಿ ಚಿಕಿತ್ಸೆಯೆಂದರೆ ಬಹುತೇಕ ಗುಳಿಗೆ ಮಾತ್ರವೇ ಆಗಿ ಉಳಿಯುತ್ತದೆ. ಮೂರನೆಯದು ತಜ್ಞರ ಕೊರತೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇದ್ದಾರೆ.

ನಂಬಿಕೆಯ ಕೇಂದ್ರಗಳ ಪಾತ್ರ ಎರಡು ಬಗೆಯದು. ಮಠ, ದೇವಸ್ಥಾನ, ದರ್ಗಾಗಳು ಅನೇಕರಿಗೆ ಮೊದಲ ಆಸರೆಯಾಗಿವೆ ಮತ್ತು ಅಲ್ಲಿ ದೊರೆಯುವ ಸಾಂತ್ವನಕ್ಕೆ ಬೆಲೆಯಿದೆ. ಆದರೆ ತಾಯತ, ಮಾಟ ತೆಗೆಸುವುದು ಮುಂತಾದವುಗಳಿಗೆ ಹಣ ವ್ಯಯಿಸಿ ವೈದ್ಯರ ಬಳಿಗೆ ತಡವಾಗಿ ಬಂದಾಗ ಕಾಯಿಲೆ ಬೇರೂರಿರುತ್ತದೆ. ಪೂಜೆ, ಹರಕೆಯನ್ನು ಬಿಡುವ ಅಗತ್ಯವಿಲ್ಲದೆ ಚಿಕಿತ್ಸೆಯನ್ನೂ ಪಡೆಯಬಹುದೆಂದು ವೈದ್ಯರು ಸಾಮಾನ್ಯವಾಗಿ ತಿಳಿಹೇಳುತ್ತಾರೆ.

ಕುಟುಂಬದ ಪಾತ್ರ

ಭಾರತದಲ್ಲಿ ರೋಗಿಯು ಒಬ್ಬನೇ ಆಸ್ಪತ್ರೆಗೆ ಬರುವುದು ಕಡಿಮೆ. ಅಣ್ಣ, ಅವ್ವ, ಹೆಂಡತಿ, ಸೋದರಮಾವ, ಹೀಗೆ ಯಾರಾದರೊಬ್ಬರು ಜೊತೆಗಿರುತ್ತಾರೆ. ಇದರಿಂದ ಔಷಧ ತಪ್ಪದಂತೆ ನೋಡಿಕೊಳ್ಳಲು ಅನುಕೂಲವಾದರೂ, ಒತ್ತಡದ ಮೂಲ ಮನೆಯೊಳಗೇ ಇದ್ದಾಗ ರೋಗಿಯು ಬಾಯಿಬಿಡಲಾರ. ಆದ್ದರಿಂದ ಭೇಟಿಯ ಒಂದು ಭಾಗವನ್ನು ರೋಗಿಯೊಬ್ಬರ ಜೊತೆಗೇ ನಡೆಸುವ ಪದ್ಧತಿಯಿದೆ. "ಧೈರ್ಯ ತಗೊ", "ಹೆಚ್ಚು ವಿಚಾರ ಮಾಡಬೇಡ" ಎಂಬ ಬುದ್ಧಿಮಾತು ಪ್ರೀತಿಯಿಂದ ಬಂದದ್ದಾದರೂ ರೋಗಿಗೆ ತನ್ನದೇ ತಪ್ಪೆಂಬ ಭಾವ ಮೂಡಿಸಬಲ್ಲದು. ಕೇಳಿಸಿಕೊಳ್ಳುವುದು, ಆಸ್ಪತ್ರೆಗೆ ಜೊತೆಯಾಗಿ ಹೋಗುವುದು, ಸಣ್ಣ ಸುಧಾರಣೆಯನ್ನು ಗುರುತಿಸುವುದು ಹೆಚ್ಚು ಉಪಕಾರಿ.

ಕಾನೂನಿನ ರಕ್ಷಣೆ

ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017 ಇದು 2018ರ ಮೇ 29ರಿಂದ ಜಾರಿಯಲ್ಲಿದೆ. ಇದು 1987ರ ಮಾನಸಿಕ ಆರೋಗ್ಯ ಕಾಯಿದೆಯ ಸ್ಥಾನದಲ್ಲಿ ಬಂದಿತು. ಇದರ ಮುಖ್ಯ ಅಂಶಗಳು ಹೀಗಿವೆ:

* ಕಲಂ 18: ಸರ್ಕಾರ ನಡೆಸುವ ಅಥವಾ ಅದರ ಧನಸಹಾಯದ ಸೇವೆಗಳಲ್ಲಿ ಮಾನಸಿಕ ಆರೋಗ್ಯ ಆರೈಕೆ ಪಡೆಯುವ ಹಕ್ಕು ಎಲ್ಲರಿಗೂ ಇದೆ.
* ಕಲಂ 21: ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಕಂಪನಿಗಳು ವಿಮೆಯನ್ನು ಒದಗಿಸಬೇಕು.
* ಕಲಂ 23: ಕಾಯಿಲೆ ಮತ್ತು ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ಕಾಪಾಡಬೇಕು. ಕಾಯಿದೆ ಹೇಳಿದ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ ಇದೆ.
* ಕಲಂ 115: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅನ್ಯಥಾ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ.

ಆತಂಕಕ್ಕೆ ಹೊರರೋಗಿಯಾಗಿ ಚಿಕಿತ್ಸೆ ಪಡೆದ ಮಾತ್ರಕ್ಕೆ ಆಸ್ತಿ, ಮತದಾನ ಮೊದಲಾದ ಹಕ್ಕುಗಳಿಗೆ ಯಾವ ಧಕ್ಕೆಯೂ ಬರುವುದಿಲ್ಲ.

ತುರ್ತು ಸಂದರ್ಭ

ಸಾಯುವ ಯೋಚನೆ ಪದೇ ಪದೇ ಬರುವುದು, ಅದಕ್ಕೆ ಸಿದ್ಧತೆ ಮಾಡಿಕೊಳ್ಳುವುದು, ಊಟ ನಿದ್ರೆ ಪೂರ್ತಿ ಬಿಡುವುದು ತುರ್ತು ಸ್ಥಿತಿಯ ಸೂಚನೆಗಳು. ಅಂತಹವರನ್ನು ಒಂಟಿಯಾಗಿ ಬಿಡಬಾರದು. ಕೃಷಿಕರ ಮನೆಗಳಲ್ಲಿ ಕೀಟನಾಶಕವನ್ನು ಕೈಗೆ ಸಿಗದಂತೆ ಬೀಗ ಹಾಕಿ ಇಡುವುದು ಜೀವ ಉಳಿಸುವ ಕ್ರಮವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಸಾಯುವ ಯೋಚನೆಯ ಬಗ್ಗೆ ನೇರವಾಗಿ ಕೇಳುವುದರಿಂದ ಅದು ಹೆಚ್ಚುವುದಿಲ್ಲ. 108 ಆಂಬುಲೆನ್ಸ್, 112 ತುರ್ತು ಸೇವೆ ಮತ್ತು 14416 ಟೆಲಿ ಮಾನಸ್ ಸಂಖ್ಯೆಗಳನ್ನು ಸಂಪರ್ಕಿಸಬಹುದು. ಹತ್ತಿರದ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೂ ಕರೆದೊಯ್ಯಬಹುದು. ಎದೆನೋವು ಮೊದಲ ಬಾರಿ ಕಾಣಿಸಿಕೊಂಡಾಗ ಅದನ್ನು ಆತಂಕವೆಂದು ತಾವೇ ನಿರ್ಧರಿಸದೆ ಹೃದಯದ ಪರೀಕ್ಷೆ ಮಾಡಿಸುವುದು ಅಗತ್ಯ.

ಮಿತಿಗಳು ಮತ್ತು ಚರ್ಚೆ

ರೈತರ ಮತ್ತು ನೇಕಾರರ ಸಂಕಟವನ್ನು ವೈದ್ಯಕೀಯ ಸಮಸ್ಯೆಯಾಗಿ ಮಾತ್ರ ನೋಡುವುದರ ಬಗ್ಗೆ ಆಕ್ಷೇಪಗಳಿವೆ. ಬೆಳೆಗೆ ಬೆಲೆ, ಕಾಲುವೆಗೆ ನೀರು, ಸಾಲಕ್ಕೆ ಪರಿಹಾರ ದೊರೆಯದೆ ಗುಳಿಗೆಯೊಂದರಿಂದ ನೆಮ್ಮದಿ ಬಾರದು ಎಂಬುದು ಈ ವಾದದ ಸಾರ. ಮನೋಚಿಕಿತ್ಸೆಯು ಸಾಲವನ್ನು ತೀರಿಸುವುದಿಲ್ಲ ಎಂಬುದನ್ನು ಸಮುದಾಯ ಮನೋವೈದ್ಯಕೀಯವೂ ಒಪ್ಪುತ್ತದೆ. ಆದರೆ ನಿದ್ರೆಯಿಲ್ಲದೆ, ಬೆದರಿದ ಮನಸ್ಸಿನಿಂದ ಇರುವ ವ್ಯಕ್ತಿಗೆ ಬ್ಯಾಂಕಿನವರ ಜೊತೆ ಮಾತನಾಡುವುದಾಗಲಿ, ಬೆಳೆವಿಮೆಯ ಅರ್ಜಿ ತುಂಬುವುದಾಗಲಿ, ಹೋರಾಟದಲ್ಲಿ ಪಾಲ್ಗೊಳ್ಳುವುದಾಗಲಿ ಕಷ್ಟವಾಗುತ್ತದೆ. ಚಿಕಿತ್ಸೆ ಮತ್ತು ಆರ್ಥಿಕ ಪರಿಹಾರ ಒಂದಕ್ಕೊಂದು ಬದಲಿಯಲ್ಲ. ಎರಡೂ ಬೇಕೆಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾದ ನಿಲುವಾಗಿದೆ.

ಇವನ್ನೂ ನೋಡಿ

* ಖಿನ್ನತೆ
* ನಿಮ್ಹಾನ್ಸ್
* ಗದಗ ಜಿಲ್ಲೆ
* ನರಗುಂದ
* ರೋಣ
* ಗಜೇಂದ್ರಗಡ